ಕೂಗುವ ವಾಚು, ಕೂಗದ ವಾಚು

ಮುದುಕ ಎಡಗೈಗೆ ಒಂದು ವಾಚು, ಬಲಗೈಗೆ ಇನ್ನೊಂದು ಕಟ್ಟಿಕೊಂಡು, ಇಬ್ಬರು ಸೊಸೆಯರ ಜಗಳದ ನಡುವೆ ಸಿಕ್ಕಿದ ಮಾವನಂತೆ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನೋಡುತ್ತಿದ್ದ. ಎಡಗೈಯದು ದುಂಡನೆಯ ಬಿಳಿ ಮುಖದ, ಚರ್ಮದ ಪಟ್ಟಿಯ ಮುಳ್ಳಿನ ವಾಚು. ಬಲಗೈಯದು ಚೌಕದ್ದು, ಕಪ್ಪು ಪ್ಲಾಸ್ಟಿಕ್ಕಿನದು. ಮುಳ್ಳಿಲ್ಲ, ಬರೀ ಅಂಕಿ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅದೇ ಕಷ್ಟವಾಗಿತ್ತು. ಒಂದು ದುಬಾರಿಯಾಗಿದ್ದರೆ, ದೇವರೇ ದಾರಿ ತೋರಿಸಿದನೆಂದು ಇನ್ನೊಂದನ್ನು ಕಟ್ಟಿಕೊಂಡು ಹೊರಟುಬಿಡುತ್ತಿದ್ದ.

ಬೇಕರಿಯಲ್ಲಿ ಬೆಳಗಿನ ನಾಲ್ಕಕ್ಕೆ ಭಟ್ಟಿ ಹೊತ್ತಿಸುವುದು ಅವನ ಕೆಲಸ. ಮೂವತ್ತು ವರ್ಷದಲ್ಲಿ ಒಂದು ದಿನವೂ ತಡ ಮಾಡಿದವನಲ್ಲ. ಹೆಂಡತಿ ತೀರಿಕೊಂಡ ಈ ಎರಡು ತಿಂಗಳಲ್ಲಿ ಎರಡು ಸಲ ತಡವಾಯಿತು. ಎರಡು ಸಲವೂ ಅಚ್ಚಿಗೆ ತುಂಬಿಟ್ಟ ಹಿಟ್ಟು ಕಾದು ಕಾದು, ಉಬ್ಬಿ, ಹುಳಿಯಾಗಿ ಕುಸಿದುಹೋಯಿತು. ಮೂರನೆಯ ಸಲವಾದರೆ ಭಟ್ಟಿಗೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕ ಹೇಳಿಬಿಟ್ಟಿದ್ದ. ಅದಕ್ಕೇ ಹೆಂಡತಿಯ ತಮ್ಮ ಅವನನ್ನು ಬಲವಂತವಾಗಿ ಹೊರಡಿಸಿಕೊಂಡು ಈ ವಾಚಿನ ಅಂಗಡಿಗೆ ಬಂದಿದ್ದ.

"ಭಾವ, ಈ ಅಂಕೀದು ಹೊತ್ತಿಗೆ ಸರಿಯಾಗಿ ಕೂಗಿ ಎಬ್ಬಿಸುತ್ತೆ, ಆ ಮುಳ್ಳಿಂದು ಕೂಗಲ್ಲ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

"ಅಂಕಿಯಲ್ಲಿ ಎಷ್ಟಾಯ್ತು ಅಂತ ಕಾಣುತ್ತೆ ಕಣಯ್ಯ, ಇನ್ನೆಷ್ಟಿದೆ ಅಂತ ಕಾಣಲ್ಲ. ಬ್ರೆಡ್ಡು ಒಳಗಿಟ್ಟ ಮೇಲೆ ಉದ್ದದ ಮುಳ್ಳು ಏಳು ಮನೆ, ಅಂದ್ರೆ ಮೂವತ್ತೈದು ನಿಮಿಷ, ದಾಟಬೇಕು. ಇದರಲ್ಲಿ ಮನೆಯೇ ಇಲ್ಲವಲ್ಲ."

"ಸರಿ, ಮುಳ್ಳಿಂದೇ ತಗೊಳ್ಳಿ."

"ಅದು ಎಬ್ಬಿಸಲ್ವಲ್ಲ."

"ಹಾಗಾದ್ರೆ ಅಂಕೀದು."

"ಭಟ್ಟಿ ಮುಂದೆ ಪ್ಲಾಸ್ಟಿಕ್ಕು ಮೆತ್ತಗಾಗಿಬಿಟ್ರೆ?"

"ಒಂದು ಅಂಗಿ ತಗೊಳ್ಳೋಕೂ ನಿಮಗೆ ಮೂರು ಅಂಗಡಿ ಬೇಕು. ಅಕ್ಕ ನಿಮ್ಮ ಜೊತೆ ಅದ್ಹೇಗೆ ಏಗಿದಳೋ!" ಎಂದ ಭಾವಮೈದುನ, ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಅಂಗಡಿಯಾಕೆ ನಡುವೆ ಬಂದು ಕಪ್ಪು ವಾಚಿನ ಗುಂಡಿ ಒತ್ತಿದಳು. ಬೋನಿಗೆ ಬಿದ್ದ ಇಲಿಯ ಹಾಗೆ ಅದು ಕೀಚ್ ಕೀಚ್ ಎಂದಿತು. "ಇಷ್ಟು ಸದ್ದು ಸಾಕಾ ಯಜಮಾನ್ರೇ? ನಿಮಗೆ ನಿದ್ದೆ ಜೋರೋ?"

"ನಿದ್ದೆ ಎಲ್ಲಿ ಬರುತ್ತಮ್ಮ?"

"ಮತ್ತೆ ತಡ ಆಗಿದ್ದು?"

ಮುದುಕ ಎರಡು ಕೈಗಳನ್ನೂ ಕೌಂಟರಿನ ಗಾಜಿನ ಮೇಲಿಟ್ಟ. ಇದು ಇವತ್ತಿನವರೆಗೆ ಅವನಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. "ಎರಡು ದಿನವೂ ಎಚ್ಚರವಾಗೇ ಇದ್ದೆ. ಗೋಡೆ ಗಡಿಯಾರ ಕಾಣ್ತಾ ಇತ್ತು. ಮೂರೂವರೆ ಆಯ್ತು, ನಾಲ್ಕಾಯ್ತು, ಅದೂ ಗೊತ್ತಾಯ್ತು."

"ಗೊತ್ತಿದ್ದೂ ಏಳಲಿಲ್ವಾ?" ಭಾವಮೈದುನನ ದನಿ ಏರಿತು. "ಯಾಕೆ ಭಾವ?"

"ಅವಳು ಇನ್ನೂ ಎಬ್ಬಿಸಿರಲಿಲ್ಲ."

ಕಪ್ಪು ವಾಚು ಕೂಗುತ್ತಲೇ ಇತ್ತು. ಅಂಗಡಿಯಾಕೆ ಅದರ ಬಾಯಿ ಮುಚ್ಚಿಸಿದಳು.

ಭಾವಮೈದುನ ಮೆಲ್ಲಗೆ ಕೇಳಿದ: "ಅಕ್ಕ ಏನಂತ ಕೂಗ್ತಿದ್ಲು?"

"ಕೂಗ್ತಿರಲಿಲ್ಲಪ್ಪ. ಪಕ್ಕದವರಿಗೆ ಎಚ್ಚರ ಆಗುತ್ತೆ ಅಂತ. ಬಂದು ಕಾಲಿನ ಹೆಬ್ಬೆರಳು ಹಿಡಿದು ಒಂದು ಸಲ ಎಳೆಯೋಳು, ಅಷ್ಟೇ."

ಭಾವಮೈದುನ ತಲೆ ತಗ್ಗಿಸಿದ. ಭಾವನ ಸವೆದ ಚಪ್ಪಲಿಯಲ್ಲಿ, ಹಿಟ್ಟಿನ ಬಿಳಿ ಅಂಟಿದ ಆ ಹೆಬ್ಬೆರಳು ಮೇಲಕ್ಕೆದ್ದು ನಿಂತಿತ್ತು.