ಲುಡ್ಲೊ ಸಾಹೇಬ್ರ ನಿದ್ದೆ

ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಗಂಜಿ ಹಂಡೇಲಿ ಬೆಂದುಹೋಗ್ಲಿ. ವಿಕ್ಟೋರಿಯಾ ರಾಣಿ ಕಾಲದಲ್ಲಿ ನಮ್ಮ ಸಫೋಕ್ ಸೀಮೆ ವರ್ಕ್‌ಹೌಸಲ್ಲಿ, ದಿಕ್ಕಿಲ್ಲದೋರನ್ನ ತುಂಬಿದ್ದ ಆ ದೊಡ್ಡ ಇಟ್ಟಿಗೆ ಮನೇಲಿ, ಹಾಡಹಗಲೇ ನಡೆದದ್ದು ಇದು. ವರ್ಕ್‌ಹೌಸುಗಳ ತಪಾಸಣೆಗೆ ಅಂತ ಲಂಡನ್ನಿಂದ ಬಂದ ಇನ್‌ಸ್ಪೆಕ್ಟರು ಲುಡ್ಲೊ ಸಾಹೇಬ್ರನ್ನ ನಮ್ಮ ಹಂದಿ ಗುದ್ದಿ ಕಲಗಚ್ಚಿನ ತೊಟ್ಟಿಗೆ ಕೆಡವಿತು. ಸಣ್ಣಪುಟ್ಟ ಹಂದಿಯಲ್ಲ. ಅದರ ನೆರಳಲ್ಲಿ ಕುದುರೆಗಾಡಿ ನಿಲ್ಲಿಸಬಹುದಿತ್ತು.

ಸಾಹೇಬ್ರು ಬಂದದ್ದು ಎನಾಕನ ವಿಷಯ ತೀರ್ಮಾನ ಮಾಡೋಕೆ. ಎನಾಕ್ ಅಂದ್ರೆ ಬುದ್ಧಿ ಬೆಳೀದೋರ ವಾರ್ಡಿನವನು. ಮೈ ಎತ್ತಿನದು, ಮನಸ್ಸು ಕೂಸಿಂದು. ಅವನದ್ದು ಒಂದೇ ಚಾಳಿ. ಯಾರಾದ್ರೂ ಅತ್ರೆ, ಇಲ್ಲ ಕಿರುಚಿದ್ರೆ, ಎತ್ತಿ ಎದೆಗೆ ಹಾಕ್ಕೊಂಡು ತೂಗೋನು, ಸುಮ್ಮನಾಗೋವರೆಗೂ ಇಳಿಸ್ತಿರಲಿಲ್ಲ. ಹಿಂದಿನ ವಾರ ಯಾರನ್ನೋ ಬೈತಾ ನಿಂತಿದ್ದ ವರ್ಕ್‌ಹೌಸಿನ ಯಜಮಾನ ಸ್ಪ್ರಾಗನನ್ನೇ ಎತ್ತಿ, ಊಟದ ಮನೆ ತುಂಬಾ ಜನ ನೋಡ್ತಿದ್ದಂಗೇ ಜೋಗುಳದ ರಾಗ ಎಳೆದಿದ್ದ. ಇವನು ಅಪಾಯದ ಹುಚ್ಚ, ದೂರದ ಹುಚ್ಚಾಸ್ಪತ್ರೆಗೆ ಸಾಗಿಸಲೇಬೇಕು ಅಂತ ಸ್ಪ್ರಾಗ್ ಪಟ್ಟು ಹಿಡಿದ.

ಕೆಟೂರಾ ಮುದುಕಿಗೆ ಅನ್ನ ನೀರು ಸೇರಲಿಲ್ಲ. ಅವಳೂ ಅಲ್ಲಿ ಬಿದ್ದಿದ್ದವಳೇ. ದಿನಾ ಒಂದು ಲೋಟ ಟೀ ಜಾಸ್ತಿ ಕೊಡ್ತಾರೆ ಅಂತ ಆ ವಾರ್ಡು ನೋಡ್ಕೊಳ್ಳೋಳು. ಗಂಡ ಸತ್ತು ಇಲ್ಲಿಗೆ ಸೇರಿದ ದಿನ, ಬಾಗಿಲಲ್ಲಿ ಸ್ವಂತ ಬಟ್ಟೆ ಬಿಚ್ಚಿಕೊಟ್ಟು, ಇಲ್ಲಿನೋರೆಲ್ಲಾ ಹಾಕೋ ಪಟ್ಟೆಪಟ್ಟೆ ಬಟ್ಟೆ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತು ಅಳ್ತಿದ್ದಾಗ ಅವಳನ್ನ ಎತ್ತಿಕೊಂಡವನು ಎನಾಕ್. ಹೆತ್ತಮ್ಮ ಹೋದ ಮೇಲೆ ತನ್ನನ್ನ ಎತ್ಕೊಂಡವರು ಅವನೊಬ್ನೇ ಅಂತ ಸಿಕ್ಕಸಿಕ್ಕೋರಿಗೆಲ್ಲಾ ಹೇಳೋಳು.

ಈಗ ನೋಡಿ ಎಡವಟ್ಟು. ಸಾಹೇಬ್ರ ಸೂಟು ಅಡುಗೆಮನೆ ಬೆಂಕಿ ಮುಂದೆ ಒಣಗ್ತಿದೆ. ಕುಳ್ಳ ಸ್ಪ್ರಾಗನ ಪ್ಯಾಂಟು ಅವರಿಗೆ ಮೊಣಕಾಲಿಗೇ ಬಂತು. ಬೇರೆ ದಾರಿ ಇಲ್ಲದೆ ವರ್ಕ್‌ಹೌಸಿನ ಪಟ್ಟೆ ಬಟ್ಟೆನೇ ಏರಿಸ್ಕೊಂಡು, ಕಾಯೋ ತಾಳ್ಮೆ ಇಲ್ಲದೆ ಒಬ್ರೇ ವಾರ್ಡಿಗೆ ನುಗ್ಗಿದ್ರು. ಆ ಬಟ್ಟೆ ಹಾಕಿದ್ರೆ ಅಲ್ಲಿ ರಾಜನೂ ಭಿಕಾರಿನೇ. ಅದೂ ಅಲ್ದೆ, ಪಕ್ಕದೂರಿಂದ ಹೊಸಬ ಬರ್ತಾನೆ, ತಾನು ದೊಡ್ಡ ಅಧಿಕಾರಿ ಅನ್ನೋ ಭ್ರಮೆ ಅವನಿಗೆ ಅಂತ ಕೆಟೂರಾಗೆ ಬೆಳಿಗ್ಗೆನೇ ಹೇಳಿದ್ರು. ಅವಳ ಕಣ್ಣೋ, ಗೋಡೆ ಯಾವುದು ಬಾಗಿಲು ಯಾವುದು ಅಂತ ತಡವಿ ನೋಡೋ ಕಣ್ಣು.

"ಬಾರಪ್ಪ, ಗಂಜಿ ಆರೋಗ್ತದೆ," ಅಂದ್ಳು.

"ನಾನು ಲಂಡನ್ನಿನ ಇನ್‌ಸ್ಪೆಕ್ಟರು."

"ಯಾರಪ್ಪ ಇಲ್ಲ ಅಂದೋರು? ಆ ಮೂಲೇಲಿರೋನು ಬಿಷಪ್ಪು. ಅವನ ಪಕ್ಕ ಕೂತ್ಕೋ, ದೊಡ್ಡೋರು ದೊಡ್ಡೋರು ಮಾತಾಡ್ಕೊಳ್ಳಿ."

ಅಂದವಳೇ ಸಾಹೇಬ್ರ ಕತ್ತಿಗೆ ಬಟ್ಟೆ ಕಟ್ಟಿ ಬಾಯಿಗೆ ಚಮಚ ಇಟ್ಟೇಬಿಟ್ಳು. ಸಾಹೇಬ್ರು ಕಿರುಚಿದ್ರು ನೋಡಿ, ಚರ್ಚಿನ ಗಂಟೆ ತಾನಾಗೇ ಹೊಡ್ಕೊಳ್ತು. ಎನಾಕ್ ಎದ್ದು ಬಂದ. ಎತ್ತಿದ. ಸಾಹೇಬ್ರು ಕಾಲು ಝಾಡಿಸಿದ್ರು, ಕೆಲಸದಿಂದ ತೆಗೆಸ್ತೀನಿ, ಜೈಲಿಗೆ ಹಾಕಿಸ್ತೀನಿ ಅಂದ್ರು. ಎನಾಕ್ ತೂಗ್ತಾನೇ ಇದ್ದ. ಬರ್ತಾ ಬರ್ತಾ ಬೈಗುಳ ಬಿಕ್ಕಳಿಕೆ ಆಯ್ತು, ಬಿಕ್ಕಳಿಕೆ ಗೊರಕೆ ಆಯ್ತು.

ಊಟದ ಗಂಟೆ ಹೊಡೆದ್ರೂ ಏಳಲಿಲ್ಲ. ಒಣಗಿದ ಸೂಟು ಹಿಡ್ಕೊಂಡು ಬಂದ ಸ್ಪ್ರಾಗ್, ಇನ್‌ಸ್ಪೆಕ್ಟರ್ ಸಾಹೇಬ್ರನ್ನ ಏನ್ ಮಾಡ್ತಿದ್ದೀಯೋ ಹುಚ್ಚ ಅಂತ ಕೂಗಿದಾಗಲೇ ಕೆಟೂರಾಗೆ ಗೊತ್ತಾಗಿದ್ದು. ತಪ್ಪು ತನ್ನದು, ಹುಚ್ಚಾಸ್ಪತ್ರೆಗೆ ತನ್ನನ್ನೇ ಕಳಿಸಿ, ಈ ಮಗೂನ ಬಿಟ್ಬಿಡಿ ಅಂತ ಕೈ ಮುಗಿದು ನಿಂತ್ಳು.

ಸಾಹೇಬ್ರು ಒಂದು ಕಣ್ಣು ತೆರೆದ್ರು. ಕೆಳಗಿಳಿಯೋ ಅವಸರ ಏನೂ ಕಾಣಲಿಲ್ಲ.

"ಮೆಲ್ಲಗೆ ಸ್ಪ್ರಾಗ್. ಇಬ್ರಿಗೆ ಜಾಗ ಇಲ್ಲ ಇಲ್ಲಿ." ಆಮೇಲೆ ಮುದುಕಿ ಕಡೆ ತಿರುಗಿದ್ರು. "ಹೋದ ಚಳಿಗಾಲದಲ್ಲಿ ನನ್ನ ಹೆಂಡ್ತಿ ತೀರ್ಕೊಂಡ್ಲು ತಾಯಿ. ಆಮೇಲೆ ನಿದ್ದೆ ಅಂತ ಮಾಡಿದ್ದು ಇವತ್ತೇ. ಇವನು ಎಲ್ಲಿಗೂ ಹೋಗಲ್ಲ."

ಕೆಟೂರಾ ಚಮಚ ಎತ್ತಿಕೊಂಡ್ಲು. ಮಿಕ್ಕ ಗಂಜೀನ ಅವರ ಬಾಯಿಗಿಟ್ಳು. ಸಾಹೇಬ್ರು ನುಂಗಿದ್ರು.

ಆಮೇಲೆ ಪ್ರತಿ ವರ್ಷ ಬಂದ್ರು. ಟೋಪಿ, ಕೋಟು ಎಲ್ಲಾ ಠಾಕುಠೀಕು. ಬಂದವರೇ ನೆಟ್ಟಗೆ ಎನಾಕನ ಮುಂದೆ ಹೋಗಿ ನಿಂತು, ಕಾರಣನೇ ಇಲ್ಲದೆ ಜೋರಾಗಿ ಕಿರುಚೋರು.

ಆಯ್ತು, ಕತೆ ಮುಗೀತು. ನನ್ನ ಮನೆ ಗುಡ್ಡದ ಮೇಲಿದೆ, ದಾರಿ ಕೆಸರು. ಏಯ್, ಹಿಂದೆ ಕೂತಿರೋ ದಪ್ಪನೋನೆ, ನೆಲ ಏನ್ ನೋಡ್ತೀಯ? ಒಳ್ಳೆ ಮಾತಲ್ಲಿ ಎತ್ಕೋತೀಯೋ, ಇಲ್ಲ ನಾನೂ ಕಿರುಚಲೋ?