ಸುಮ್ನೆ

“ಬೆಳಗ್ಗೆ ನಾಲ್ಕು ಬಣ್ಣದ ಇಪ್ಪತ್ತನಾಲ್ಕು ಬಿಲ್ಲೆ ಕೊಟ್ಟು, ಬಣ್ಣದ ಪ್ರಕಾರ ಬೇರೆ ಮಾಡಿಡು ಅಂದೆ. ಒಂದೂ ಇಡ್ಲಿಲ್ಲ. ಅದರಲ್ಲಿ ಆರನ್ನ ಪಕ್ಕದವಳಿಗೆ ಕೊಟ್ಟುಬಿಟ್ಟಿದಾಳೆ. ಯಾಕೆ ಕೊಟ್ಟೆ ಅಂದ್ರೆ, ‘ಸುಮ್ನೆ’ ಅಂತಾಳೆ!” ಎಂದರು ಶಿಶುವಿಹಾರದ ಮಿಸ್.

ಅವರೆದುರು ಬಡಗಿ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಅರೆಬರೆ ಕೂತಿದ್ದ. ಪೂರ್ತಿ ಭಾರ ಬಿಟ್ಟರೆ ಕಾಲು ಮುರಿಯುತ್ತದೆಂದು ಅವನಿಗೆ ಗೊತ್ತು. ಕುರ್ಚಿಗಳ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಗಳ ವಿಷಯವೇ ಕಷ್ಟ. ಮೇಜಿನ ಮೇಲಿದ್ದ ಹಾಳೆಯಲ್ಲಿ ಮೂರು ಸಾಲು: ಬುದ್ಧಿ, ಬೆರೆಯುವುದು, ಭಾವನೆ. ಮೂರರ ಮುಂದೆಯೂ ‘ಸಾಲದು’. ಕೆಳಗೆ ಮಿಸ್ ರುಜು ಹಾಕಿಬಿಟ್ಟರೆ ಓರಗೆಯವರೆಲ್ಲ ಒಂದನೇ ತರಗತಿಗೆ ಹೋಗುತ್ತಾರೆ, ಇವಳೊಬ್ಬಳು ಇನ್ನೊಂದು ವರ್ಷ ಇಲ್ಲೇ.

ಮಗಳು ಅಪ್ಪನ ಅಂಗಿಗೆ ಅಂಟಿದ್ದ ಮರದ ಚೂರುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಮನೆಯಲ್ಲಿ ‘ಸುಮ್ನೆ’ ಅನ್ನೋ ಮಾತು ದಿನಕ್ಕೆ ನೂರು ಸಲ ಬೀಳುತ್ತದೆ. ‘ಸುಮ್ನೆ ಕೂತ್ಕೋ’ ಎನ್ನುವವನೂ ಅವನೇ, ‘ಸುಮ್ನೆ ಹೇಳ್ದೆ ಕಣೇ’ ಎಂದು ನಗುವವನೂ ಅವನೇ. ಇವಳು ಯಾವ ‘ಸುಮ್ನೆ’ಯನ್ನು ಹಿಡಿದುಕೊಂಡಿದ್ದಾಳೋ ಎಂದು ಅವನಿಗೆ ಕುತೂಹಲವಾಯಿತು.

“ಪುಟ್ಟಿ, ಸುಮ್ನೆ ಕೊಟ್ಟೆ ಅಂದ್ರೆ ಏನೇ?”

“ಸುಮ್ನೆ ಆಗ್ಲಿ ಅಂತ.”

“ಯಾರು?”

“ಹೊಸಬಳು. ಬಂದಾಗಿಂದ ಅಳ್ತಾನೇ ಇದ್ಲು. ನೀಲಿ ಕೊಟ್ಟೆ, ಬಿಸಾಕಿದ್ಲು. ಹಳದಿ ಕೊಟ್ಟೆ, ಅದನ್ನೂ ಬಿಸಾಕಿದ್ಲು. ಹಸಿರೂ ಅಷ್ಟೇ. ಕೆಂಪು ಕೊಟ್ಟೆ, ಗಟ್ಟಿಯಾಗಿ ಹಿಡ್ಕೊಂಡ್ಲು. ಅದಕ್ಕೇ ಕೆಂಪುದೆಲ್ಲ ಹುಡುಕಿ ಹುಡುಕಿ ಕೊಟ್ಟೆ. ಸುಮ್ನಾದ್ಲು.”

“ಬಣ್ಣ ಬೇರೆ ಮಾಡೋದು ಅಂದ್ರೆ ಇದೇ ಅಲ್ವಾ ಮಿಸ್?” ಬಡಗಿ ಮೆಲ್ಲಗೆ ಕೇಳಿದ.

ಮಿಸ್ ಇಪ್ಪತ್ತು ವರ್ಷ ಇದೇ ಕೋಣೆಯಲ್ಲಿ ಕಳೆದವರು. ತಪ್ಪು ಗೊತ್ತಾದ ಮೇಲೂ ಹಟ ಹಿಡಿಯುವವರ ಪೈಕಿಯಲ್ಲ. ರುಜು ಹಾಕಲು ತೆಗೆದಿದ್ದ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಎಸೆದರು. ಬಡಗಿಗೆ ಹೋದ ಜೀವ ಬಂದಂತಾಯಿತು. ಸಂತೋಷದಲ್ಲಿ ಕುರ್ಚಿಯ ಮೇಲೆ ಪೂರ್ತಿ ಭಾರ ಬಿಟ್ಟ. ಅದು ಕಿರ್‍ರೆಂದಿತು, ಪುಣ್ಯಕ್ಕೆ ಮುರಿಯಲಿಲ್ಲ.

ಮಿಸ್‌ಗೆ ಮಾತ್ರ ಇನ್ನೊಂದು ಹುಳು ತಲೆ ಕೊರೆಯುತ್ತಿತ್ತು. ಹುಡುಗಿಯ ಹತ್ತಿರ ಬಗ್ಗಿ ಕೇಳಿದರು: “ಅವಳಿಗೆ ಕೆಂಪೇ ಯಾಕೆ ಬೇಕಿತ್ತು, ಮರಿ?”

“ಅವಳಮ್ಮನ ಕರ್ಚೀಫು ಕೆಂಪು. ಬೆಳಗ್ಗೆ ಕೈಯಲ್ಲಿ ಹಿಡ್ಕೊಂಡೇ ಬಂದಿದ್ಲು. ಇದೆಲ್ಲ ಇಲ್ಲಿಗೆ ತರಬಾರ್ದು ಅಂತ ನೀವು ತಗೊಂಡ್ರಲ್ಲ.”

ಮಿಸ್ ಮೇಜಿನ ಖಾನೆ ಎಳೆದರು. ಬಳಪದ ಡಬ್ಬಿಯ ಪಕ್ಕ ಕೆಂಪು ಕರ್ಚೀಫು ಮುದುಡಿ ಬಿದ್ದಿತ್ತು. ಅವರ ಮುಖ ಸಣ್ಣದಾಯಿತು.

“ನಂಗೆ ಮರ್ತೇ ಹೋಗಿತ್ತು. ಅವಳು ಒಂದು ಮಾತು ಕೇಳಿದ್ರೆ ಆಗ್ಲೇ ಕೊಡ್ತಿದ್ದೆ,” ಎಂದರು.

ಹುಡುಗಿ ಅವರ ಮುಖವನ್ನೇ ಅಚ್ಚರಿಯಿಂದ ನೋಡಿದಳು.

“ಅಷ್ಟು ಹೊತ್ತು ಅತ್ತಿದ್ದು ಅದನ್ನ ಕೇಳೋಕೇ ಅಲ್ವಾ ಮಿಸ್?”