ಮೂರು ಬೆರಳಿನ ಜಾಗ

ಮರಿಯಪ್ಪನ ಪಿಕಪ್ಪಿಗೆ ಅವನ ಮದುವೆಗಿಂತ ಹೆಚ್ಚು ವಯಸ್ಸು. ಹೆಂಡತಿ ಪುಟ್ಟತಾಯಮ್ಮ ಗಾಡಿ ಓಡಿಸುವುದನ್ನು ಕಲಿತು, ಲೈಸೆನ್ಸ್ ತಂದು ಆರು ವರ್ಷವಾದರೂ ಅವನು ಕೀ ಕೊಟ್ಟಿರಲಿಲ್ಲ.

"ನನ್ನ ಹೊಟ್ಟೆ ಸ್ಟೇರಿಂಗಿಗೆ ತಾಗಿದ ದಿನ ಕೀ ನಿಂದೇ ಕಣೆ" ಎಂದು ಸಂತೆಯಲ್ಲಿ ಹತ್ತು ಜನರೆದುರು ಹೇಳಿ, ಇನ್ನೊಂದು ಬೋಂಡಾ ಬಾಯಿಗೆ ಹಾಕಿಕೊಂಡ. ಅವನು ಗಾಡಿಯಲ್ಲಿ ಕೂತರೆ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಇನ್ನೂ ಮೂರು ಬೆರಳು ಜಾಗವಿತ್ತು.

ಮರುವಾರ ಸ್ಟೇರಿಂಗನ್ನು ಹೊತ್ತಿರುವ ಶಾಫ್ಟ್ ಸವೆದು, ಗಾಡಿ ದಸ್ತಗೀರನ ಗ್ಯಾರೇಜು ಸೇರಿತು. ಹೊಸದನ್ನು ಹಾಕುವಾಗ ಪುಟ್ಟತಾಯಮ್ಮನೇ ಹೋಗಿ ಮುಂದೆ ನಿಂತಿದ್ದಳು.

ಗಾಡಿ ಮನೆಗೆ ಬಂದ ದಿನ ಮರಿಯಪ್ಪ ಹತ್ತಿ ಕೂತ. ಹೊಟ್ಟೆ ತಾಗಿತು. ಉಸಿರು ಒಳಗೆಳೆದುಕೊಂಡ. ಆಗಲೂ ತಾಗಿತು.

"ಒಂದು ತಿಂಗಳು ಟೈಮ್ ಕೊಡೇ" ಎಂದ.

"ಕೊಟ್ಟೆ ಕಣ್ರೀ. ಅಲ್ಲೀಗಂಟ ಅಂಬಲಿ ಕುಡೀರಿ."

ಅವನು ಬೋಂಡಾ ಬಿಟ್ಟ, ಅಂಬಲಿ ಕುಡಿದ, ಪಂಚೆ ಜಾರುವಷ್ಟು ಇಳಿದ. ಆದರೂ ಹೊಟ್ಟೆ ಸ್ಟೇರಿಂಗನ್ನು ಸವರುತ್ತಲೇ ಇತ್ತು. ಹತ್ತು ಜನರೆದುರು ಆಡಿದ ಮಾತು. ಕೀ ಕೊಟ್ಟು ಪಕ್ಕದ ಸೀಟಿಗೆ ಸರಿದ.

ಮೊದಲ ದಿನವೇ ಅವಳು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಳು. ಮರಿಯಪ್ಪ ಟೀ ಕುಡಿಯಲು ಇಳಿದು ಹೋದ ಮೇಲೆ ದಸ್ತಗೀರ ಕಿಟಕಿಗೆ ಬಾಗಿದ.

"ಅಣ್ಣ ಬಡಕಲಾಗವ್ರೆ, ಪಾಪ. ಶಾಫ್ಟ್ ಬದಲಾಯಿಸ್ಬಿಡ್ಲಾ ಅಕ್ಕಾ?"

"ಬ್ಯಾಡ ಕಣಪ್ಪ. ನಾನು ಹೇಳಿ ಹಾಕ್ಸಿದ, ಹಳೇದಕ್ಕಿಂತ ಆರು ಬೆರಳು ಉದ್ದ ಇರೋದೇ ಇರ್ಲಿ. ಈ ಗಿಡ್ಡ ಕೈಗೆ ಈಗ ಸರಿಯಾಗಿ ಎಟಕ್ತದೆ."